ಮನೆಗೆ ಬಂದ ಹಳೆಯ ಪತ್ತೇದಾರಿ ಚಿತ್ರ: ಪ್ರತಿ ಚೆನ್ನಾಗಿದೆಯೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಯವರು ಮೊದಲು ಸಿನಿಮಾ ನೋಡಿದ್ದು ಟೆಂಟಿನಲ್ಲಿ. ಆಮೇಲೆ ಟಿವಿ, ವಿಸಿಪಿ, ನಾಲ್ಕಾರು ಕ್ಯಾಸೆಟ್ಟು ಬಾಡಿಗೆಗೆ ತಂದು ಬೆಳಗಿನವರೆಗೂ ನೋಡುವ ಕಾಲ ಬಂತು. ಅದರ ಬೆನ್ನಿಗೇ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ವಿಸಿಡಿಗಳು ತೂಗಾಡಿದವು, ಪಾವಗಡದಂಥ ಗಡಿ ಊರಿನಲ್ಲಿ ತೆಲುಗಿನವೂ ಜೊತೆಗೇ. ಈಗ ಎಲ್ಲವೂ ಮೊಬೈಲಿನಲ್ಲಿದೆ. ಕಾಶೀನಾಥ್ ನಿರ್ದೇಶಿಸಿದ ‘ಅಪರಿಚಿತ’ (1978), ಸುನೀಲ್ ಕುಮಾರ್ ದೇಸಾಯಿ ಅವರ ‘ತರ್ಕ’ (1989), ‘ನಿಷ್ಕರ್ಷ’ (1993) ಇವುಗಳನ್ನು ಇಂದಿನ ಹುಡುಗ ಹುಡುಗಿಯರು ನೋಡುವುದು ಹೆಚ್ಚಾಗಿ ಹೀಗೆ ಮನೆಯಲ್ಲೇ. ಅವರ ಕೈಗೆ ಸಿಕ್ಕ ಪ್ರತಿ ಹೇಗಿದೆಯೋ ಅವರ ಪಾಲಿಗೆ ಸಿನಿಮಾವೂ ಹಾಗೆಯೇ. ಆದ್ದರಿಂದ ಪ್ರತಿಯನ್ನು ಪರೀಕ್ಷಿಸಲು ಕಲಿಯಬೇಕು.

ಸಂಸಾರದ ಕಥೆಯ ಪ್ರತಿ ಸ್ವಲ್ಪ ಮಸುಕಾದರೂ ಕಥೆ ಉಳಿಯುತ್ತದೆ. ಕೊಲೆಯ ಕಥೆ ಹಾಗಲ್ಲ. ಬಾಗಿಲ ಹಿಂದಿನ ನೆರಳು, ಮೇಜಿನ ಮೇಲಿನ ಒಂದು ವಸ್ತು, ಯಾರೋ ಒಂದು ಕ್ಷಣ ತಡೆದು ಉತ್ತರ ಕೊಡುವುದು, ಇವೇ ಅಲ್ಲಿ ಸಾಕ್ಷ್ಯ. ಪ್ರತಿ ಕೆಟ್ಟರೆ ನೋಡುಗರಿಗೆ ಸಿಗಬೇಕಾದ ಸಾಕ್ಷ್ಯವೇ ನಾಶವಾಗುತ್ತದೆ.

ಮೊದಲು ನೋಡಬೇಕಾದದ್ದು ಕತ್ತಲನ್ನು. ರಾತ್ರಿಯ ಒಂದು ದೃಶ್ಯವನ್ನು ನಿಲ್ಲಿಸಿ, ಚಿತ್ರದ ಮೂಲೆಗಳನ್ನು ಗಮನಿಸಿ. ಒಳ್ಳೆಯ ಪ್ರತಿಯಲ್ಲಿ ಕತ್ತಲಿಗೂ ಪದರಗಳಿರುತ್ತವೆ: ಗೋಡೆ ಬೇರೆ, ಗೋಡೆಗೆ ಒರಗಿದ ಮನುಷ್ಯನ ಕೋಟು ಬೇರೆ. ಕೆಟ್ಟ ಪ್ರತಿಯಲ್ಲಿ ಎರಡೂ ಸೇರಿ ಒಂದೇ ಮಸಿ. ವಿಸಿಡಿಯಲ್ಲಿ ಇನ್ನೂ ಒಂದು ಕಾಟವಿದೆ. ಅದರ ಚಿತ್ರದ ಅಳತೆ 352×288, ಅಂದರೆ ಸುಮಾರು ಒಂದು ಲಕ್ಷ ಚುಕ್ಕೆ. ಡಿವಿಡಿಯಲ್ಲಿ 720×576, ನಾಲ್ಕು ಲಕ್ಷಕ್ಕೂ ಹೆಚ್ಚು. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಕುಗ್ಗಿಸುವಾಗ ಮೊದಲು ಬಲಿಯಾಗುವುದು ಈ ನಸುಗತ್ತಲೇ. ಗೋಡೆಯ ಮೇಲೆ ಚೌಕಗಳು ಅಲುಗಾಡುತ್ತಿದ್ದರೆ ಅದು ಛಾಯಾಗ್ರಾಹಕರ ತಪ್ಪಲ್ಲ. ಕಪ್ಪು ಬಿಳುಪಿನ ‘ಜೇಡರ ಬಲೆ’ಯಂಥ (1968) ಚಿತ್ರಕ್ಕಂತೂ ಬೂದುಬಣ್ಣದ ಮೆಟ್ಟಿಲುಗಳೇ ಜೀವಾಳ. ಅವು ಹೋದರೆ ರಾಜ್‌ಕುಮಾರ್ ಅವರ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ.

ಎರಡನೆಯ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಅದಕ್ಕೆ ಪೆನ್ನು, ಕಾಗದ ಬಿಟ್ಟು ಬೇರೇನೂ ಬೇಡ. ಚಿತ್ರದ ಆರಂಭದಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಬರುತ್ತದಲ್ಲ, ಅದನ್ನು ಓಡಿಸಿಬಿಡಬೇಡಿ, ನಿಲ್ಲಿಸಿ. ಅದರಲ್ಲಿ ಫಿಲ್ಮಿನ ಉದ್ದ ಮೀಟರುಗಳಲ್ಲಿರುತ್ತದೆ, ರೀಲುಗಳ ಸಂಖ್ಯೆ ಇರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರು ಓಡುತ್ತದೆ. ಸರ್ಟಿಫಿಕೇಟಿನಲ್ಲಿ 4,000 ಮೀಟರು ಎಂದಿದ್ದರೆ ಚಿತ್ರ ಸುಮಾರು 146 ನಿಮಿಷದ್ದು. ನಿಮ್ಮ ಪ್ರತಿ 125ಕ್ಕೇ ಮುಗಿದರೆ ಇಪ್ಪತ್ತು ನಿಮಿಷದ ಕಥೆಗೆ ಯಾರೋ ಕತ್ತರಿ ಹಾಕಿದ್ದಾರೆ. ಆದರೆ 140 ಬಂದರೆ ಗಾಬರಿ ಬೇಡ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ 25. ಅದಕ್ಕೆ ಹೊಂದಿಸಲು ಇಡೀ ಚಿತ್ರವನ್ನೇ ನೂರಕ್ಕೆ ನಾಲ್ಕರಷ್ಟು ಬೇಗ ಓಡಿಸುತ್ತಿದ್ದರು. ದೃಶ್ಯ ಯಾವುದೂ ಕಳೆದಿರುವುದಿಲ್ಲ, ಆದರೆ ಧ್ವನಿ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಮೇಲೇರಿರುತ್ತದೆ. ಸರ್ಟಿಫಿಕೇಟಿನ ಎಡಬದಿಯ ಕೆಳಮೂಲೆಯಲ್ಲಿ ತ್ರಿಕೋನವಿದ್ದರೆ ಸೆನ್ಸಾರ್ ಮಂಡಳಿಯೇ ಕೆಲವು ಭಾಗ ತೆಗೆಸಿದೆ ಎಂದರ್ಥ. ಆ ಕತ್ತರಿಯ ಹೊಣೆ ಪ್ರತಿ ಮಾಡಿದವರದಲ್ಲ.

ಇಷ್ಟೊಂದು ಲೆಕ್ಕ ಅತಿಯಾಯಿತು ಅನ್ನಿಸಬಹುದು. ಆದರೆ ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರದ ಕೆಲವೇ ಸೆಕೆಂಡುಗಳು ಅಮೆರಿಕದಲ್ಲಿ ಬಹುಕಾಲ ಸಿಗುತ್ತಿದ್ದ ಪ್ರತಿಗಳಲ್ಲಿ ಇರಲಿಲ್ಲ. ಜರ್ಮನಿಯ ಟಿವಿಯಲ್ಲಿ ಅವು ಬರುತ್ತಿದ್ದವು. 2020ರಲ್ಲಿ ಆ ತುಣುಕುಗಳನ್ನು ಸೇರಿಸಿದ ಪ್ರತಿ ಮನೆಗಳಿಗೆ ಬಂದಾಗ ಜಗತ್ತಿನ ಚಿತ್ರಪ್ರೇಮಿಗಳು ಹಬ್ಬ ಮಾಡಿದರು. ನಮ್ಮ ಚಿತ್ರಗಳಿಗೂ ಅಷ್ಟು ಅಕ್ಕರೆ ಸಲ್ಲಬೇಕು.

ಇನ್ನು ಧ್ವನಿ. ‘ತರ್ಕ’ದಲ್ಲಿ ಹಾಡೇ ಇಲ್ಲ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಅವರ ಮಾತುಗಳ ನಡುವಿನ ಮೌನದಲ್ಲೇ ಸಂಶಯ ಬೆಳೆಯುತ್ತದೆ. ಹಳೆಯ ಫಿಲ್ಮಿನ ಧ್ವನಿಪಟ್ಟಿಯಲ್ಲಿ ಸುಯ್ಯೆನ್ನುವ ಸದ್ದು ಸಹಜ. ಅದನ್ನು ಅಳಿಸಲು ಹೊರಟವರು ಕೈಮೀರಿದರೆ ‘ಸ’, ‘ಶ’ಗಳ ಅಂಚು ಮೊಂಡಾಗುತ್ತದೆ, ಹೆಜ್ಜೆಯ ಸಪ್ಪಳ ಹತ್ತಿಯೊಳಗಿಂದ ಬಂದಂತೆ ಕೇಳುತ್ತದೆ. ಇನ್ನು ಕೆಲವರು ಖಾಲಿ ಜಾಗವೆಂದು ಹೊಸ ಹಿನ್ನೆಲೆ ಸಂಗೀತ ತುಂಬುತ್ತಾರೆ. ಅದನ್ನು ಒಪ್ಪಲು ಸಾಧ್ಯವೇ ಇಲ್ಲ.

ಚೌಕಟ್ಟಿನ ವಿಷಯ ಚಿಕ್ಕದು. ಪಾತ್ರಗಳ ತಲೆ, ಗಲ್ಲ ಕತ್ತರಿಸಿದಂತಿದ್ದರೆ ಹಳೆಯ ಚಿತ್ರವನ್ನು ಅಗಲ ಟಿವಿಗೆ ಹೊಂದಿಸಲು ಮೇಲೆ ಕೆಳಗೆ ಕೊಯ್ದಿದ್ದಾರೆ. ಎಲ್ಲರೂ ದಪ್ಪಗೆ ಕಂಡರೆ ಎಳೆದಿದ್ದಾರೆ.

ಸರಿಯಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಸಾಕ್ಷಿ. ಮೂಲ ನೆಗೆಟಿವ್‌ನಿಂದ ಅದನ್ನು ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವಿಷ್ಣುವರ್ಧನ್, ಅನಂತ್ ನಾಗ್ ನಟಿಸಿದ ‘ನಿಷ್ಕರ್ಷ’ವೂ 2019ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಚಿತ್ರಮಂದಿರ ಕಂಡಿತು. ನಮ್ಮ ಪತ್ತೇದಾರಿ ಚಿತ್ರಗಳೆಲ್ಲ ಅಂಥ ಆರೈಕೆಗೆ ಅರ್ಹ.

ಅಲ್ಲಿಯವರೆಗೆ ಒಂದೇ ಚಿತ್ರದ ಎರಡು ಪ್ರತಿ ಸಿಕ್ಕಾಗ ಯಾವುದನ್ನು ಆರಿಸಬೇಕು? ಒಂದು ಫಳಫಳ ಹೊಳೆಯುತ್ತದೆ, ಮುಖಗಳು ಮೇಣದಂತೆ ನುಣುಪು, ಹದಿನೈದು ನಿಮಿಷ ಕಡಿಮೆ. ಇನ್ನೊಂದರಲ್ಲಿ ಗೀರುಗಳಿವೆ, ರೀಲು ಬದಲಿಸುವ ಗುರುತಿನ ಚುಕ್ಕೆ ಬಲಮೂಲೆಯಲ್ಲಿ ಮಿನುಗಿ ಮಾಯವಾಗುತ್ತದೆ, ಆದರೆ ಉದ್ದ ಸರ್ಟಿಫಿಕೇಟಿಗೆ ತಾಳೆಯಾಗುತ್ತದೆ. ಕೊಲೆಗಾರ ಯಾರೆಂದು ನೀವೇ ಊಹಿಸಬೇಕೆಂದಿದ್ದರೆ ಎರಡನೆಯದನ್ನೇ ಹಾಕಿ. ಫೋನಿನಲ್ಲಿ ನೋಡುವವರು ಪರದೆಯ ಬೆಳಕನ್ನು ಪೂರ್ತಿ ಏರಿಸುವ ಬದಲು ಕೋಣೆಯ ದೀಪ ಆರಿಸಲಿ.