ಕಂತಿಗಿಂತ ಅಗ್ಗವಾದ ದಂಡ

ಹಿಂದೂಪುರದಿಂದ ಗೌರಿಬಿದನೂರಿಗೆ ಹೊರಟ ಗಾಡಿ ರಾಜ್ಯದ ಗಡಿ ದಾಟಿದರೂ ಇನ್ಶೂರೆನ್ಸ್ ಕಾನೂನು ಬದಲಾಗುವುದಿಲ್ಲ. ಆ ಕಾನೂನಿನ ಹಿಂದೆ ಒಂದು ಪ್ರಶ್ನೆಯಿದೆ: ಮೋಟಾರು ಡಿಕ್ಕಿಯಲ್ಲಿ ಕೈಕಾಲು ಕಳೆದುಕೊಂಡವನು ಕೋರ್ಟಿನಲ್ಲಿ ಗೆದ್ದರೂ ಎದುರಾಳಿಯ ಕೈ ಬರಿದಾಗಿದ್ದರೆ ಏನು ಸಿಕ್ಕೀತು? ಈ ಪ್ರಶ್ನೆಗೆ ಉತ್ತರವಾಗಿ ಬ್ರಿಟನ್ 1930ರಲ್ಲಿ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಅದು ಬರೆದಿತ್ತಾದರೂ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಅಂದರೆ ಈ ವಿಮೆ ಹುಟ್ಟಿದ್ದು ಗಾಡಿಯವನಿಗಾಗಿ ಅಲ್ಲ, ಗಾಡಿಗೆ ಸಿಕ್ಕಿಬಿದ್ದವನಿಗಾಗಿ.

ವಿಮೆಯಿಲ್ಲದೆ ಗಾಡಿ ಓಡಿಸಿದರೆ ಬೀಳುವ ದಂಡದ ಕಥೆ ಮಾತ್ರ ಬೇಸರದ್ದು. 1988ರ ಮೋಟಾರು ವಾಹನ ಕಾಯ್ದೆಯ 196ನೇ ಕಲಮು ಮೂರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದಿತು. ಓಡಿಸಿದವನಿಗಷ್ಟೇ ಅಲ್ಲ, ಓಡಿಸಲು ಗಾಡಿ ಬಿಟ್ಟುಕೊಟ್ಟವನಿಗೂ ಇದು ಅನ್ವಯ. ಆ ಸಾವಿರ ಮೂವತ್ತು ವರ್ಷ ಅಲ್ಲಾಡಲಿಲ್ಲ. 2019ರ ಸೆಪ್ಟೆಂಬರ್ 1ರಿಂದ ಮೊದಲ ತಪ್ಪಿಗೆ 2,000, ಮತ್ತೆ ಸಿಕ್ಕಿಬಿದ್ದರೆ 4,000 ಆಯಿತು. ಈಗ 2022ರ ಜೂನ್‌ನಲ್ಲಿ ಜಾರಿಯಾದ ಥರ್ಡ್ ಪಾರ್ಟಿ ವಿಮೆಯ ಕಂತಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿ: ಸಾವಿರ ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094, ಅದಕ್ಕಿಂತ ದೊಡ್ಡದಾಗಿ 1,500 ಸಿಸಿವರೆಗಿನದಕ್ಕೆ 3,416 ರೂಪಾಯಿ. ಮೊದಲ ದಂಡ ಎರಡಕ್ಕಿಂತಲೂ ಕಡಿಮೆ! ಕಂತಿಗಿಂತ ಅಗ್ಗವಾದ ದಂಡ ಯಾರನ್ನು ಹೆದರಿಸೀತು? ದಂಡವನ್ನು ಆಯಾ ಗಾಡಿಯ ಕಂತಿಗೆ ಕಟ್ಟಿಹಾಕಿ, ಅದರ ಹಲವು ಪಟ್ಟು ಮಾಡಬೇಕು ಎಂಬುದು ನನ್ನ ಖಚಿತ ನಿಲುವು.

ಬಡ ರೈತನ ಬೈಕಿಗೂ ಬರೆ ಹಾಕುತ್ತೀರಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ 75ರಿಂದ 150 ಸಿಸಿ ಬೈಕಿನ ಕಂತು ತೆರಿಗೆ ಬಿಟ್ಟು 714 ರೂಪಾಯಿ, ದಿನಕ್ಕೆ ಎರಡು ರೂಪಾಯಿಯೂ ಇಲ್ಲ. ಸಂತೆಯಿಂದ ನಡೆದು ಬರುವಾಗ ಆ ಬೈಕಿಗೆ ಸಿಕ್ಕುವ ಕೂಲಿಯವನೂ ಬಡವನೇ ಅಲ್ಲವೇ? ಹುಷಾರಾಗಿ ಓಡಿಸುತ್ತೇನೆ ಎಂಬ ಮಾತೂ ನಿಲ್ಲದು. ಬ್ರೇಕು ಕೈಕೊಡುವುದಕ್ಕೆ, ಟೈರು ಸಿಡಿಯುವುದಕ್ಕೆ ಹುಷಾರಿನ ಹಂಗಿಲ್ಲ. ಆಗ ಪೊಲೀಸರ ರಸೀದಿ ಲೆಕ್ಕಕ್ಕೇ ಬರದು. ಅಪಘಾತ ಪರಿಹಾರ ನ್ಯಾಯಮಂಡಳಿ ಲಕ್ಷಗಟ್ಟಲೆ ಗೊತ್ತುಮಾಡಿದರೆ ವಿಮೆಯಿಲ್ಲದ ಮಾಲೀಕ ಹೊಲ, ಮನೆ ಮಾರಿಯಾದರೂ ತಾನೇ ತೆರಬೇಕು. ಅವನಲ್ಲೂ ಇಲ್ಲದಿದ್ದರೆ ಸತ್ತವನ ಮನೆಗೆ ತೀರ್ಪಿನ ಕಾಗದವಷ್ಟೇ ಉಳಿಯುತ್ತದೆ.

2018ರ ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟಿನ ಆದೇಶದಂತೆ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕು. ಆಮೇಲಿನದು ಮಾಲೀಕನ ನೆನಪಿಗೆ ಬಿಟ್ಟದ್ದು. ನಿಮ್ಮ ಪಾಲಿಸಿಯ ಕೊನೆಯ ದಿನಾಂಕವನ್ನು ಇವತ್ತೇ ಒಮ್ಮೆ ತೆಗೆದು ನೋಡಿ.