ದೋಣಿಯೂ ಅದನ್ನು ಕಟ್ಟುವ ಕೈಯೂ



ಯಾಣದ ಕರಿಬಂಡೆಗಳ ಬಳಿಯಲ್ಲಿ ಹರಿಯುವ ಚಂಡಿಹೊಳೆಯು ಅಘನಾಶಿನಿಯನ್ನು ಕೂಡಿ ಕಡಲನ್ನು ಸೇರುವುದೆಂಬುದು ತಮಗೆಲ್ಲ ತಿಳಿದ ವಿಷಯವೇ. ನಮ್ಮ ದೋಣಿಗಳೂ ಹಾಗೆಯೇ ಘಟ್ಟವನ್ನೂ ಕಡಲನ್ನೂ ಕೂಡಿಸಿದವು. ಹೆಬ್ಬಲಸು, ಮಾವು ಮೊದಲಾದ ಮರಗಳಿಂದ ಪಾತಿದೋಣಿಗಳೂ, ಹಲವರು ಕೂಡಿ ಎಳೆಯುವ ರಂಪಣಿ ಬಲೆಯನ್ನು ಬಿಡುವ ದೊಡ್ಡ ದೋಣಿಗಳೂ ಸಿದ್ಧವಾಗುತ್ತಿದ್ದವು. ಅಂಬಿಗ, ಖಾರ್ವಿ, ಮೊಗೇರ ಮೊದಲಾದ ಜನರ ಜೀವನವು ಇವುಗಳನ್ನೇ ನಂಬಿತ್ತು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದ ಮೇಲೆ ರಂಪಣಿಯು ಹಿಂದೆ ಸರಿಯಿತು.

ಹಾಗಾದರೆ ಅಳಿದುಳಿದ ದೋಣಿಗಳನ್ನು ಸಂಗ್ರಹಾಲಯದಲ್ಲಿ ಇರಿಸಿದರೆ ಸಾಲದೇ? ಸಾಲದು. ಕಾರವಾರದ ಕಡಲದಂಡೆಯಲ್ಲಿ ನೌಕಾದಳದ ಹಳೆಯ ಯುದ್ಧನೌಕೆಯೊಂದು ಸಂಗ್ರಹಾಲಯವಾಗಿ ನಿಂತಿದೆ. ಅಂತಹ ಹಡಗಿಗೆ ಕಾಗದದ ನಕ್ಷೆಗಳುಂಟು. ಪಾತಿಯ ನಕ್ಷೆಯಾದರೋ ಕಟ್ಟುವವನ ಕಣ್ಣಿನಲ್ಲಿಯೂ ಕೈಯಲ್ಲಿಯೂ ಇದೆ. ಆ ಕೈ ಹೋದರೆ ಉಳಿಯುವುದು ಬರಿಯ ಮರ.

ಇದಕ್ಕೆ ಕಾರವಾರವೇ ಸಾಕ್ಷಿ. ಅಜಂತಾದ 5ನೆಯ ಶತಮಾನದ ಚಿತ್ರವೊಂದರಲ್ಲಿ ಹಡಗಿದೆ. ಅದನ್ನು ನಿಜವಾಗಿ ಕಟ್ಟಬೇಕೆಂದು ಕೇಂದ್ರದ ಸಂಸ್ಕೃತಿ ಇಲಾಖೆಯೂ ನೌಕಾದಳವೂ ಗೋವೆಯ ಹಡಗುಕಟ್ಟೆಯೊಂದೂ 2023ರಲ್ಲಿ ಒಪ್ಪಂದ ಮಾಡಿಕೊಂಡವು. ಚಿತ್ರವು ರೂಪವನ್ನು ತೋರಿಸಿತೇ ಹೊರತು ವಿಧಾನವನ್ನು ಹೇಳಲಿಲ್ಲ. ಅದನ್ನು ಬಲ್ಲವರು ಕೇರಳದ ಪರಂಪರೆಯ ಕುಶಲಿಗರು. ಬಾಬು ಶಂಕರನ್ ಎಂಬ ಮೇಸ್ತ್ರಿಯ ನೇತೃತ್ವದಲ್ಲಿ ಅವರು ಹಲಗೆಗಳ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳನ್ನು ಮರದ ಅಂಟಿನಿಂದ ಮುಚ್ಚಿದರು. ಹೊಲಿದ ಹಡಗು ಅಲೆಗೆ ತುಸು ಬಾಗುತ್ತದೆ. ಆದುದರಿಂದ ಸುಲಭವಾಗಿ ಒಡೆಯದು. 'ಕೌಂಡಿನ್ಯ'ವೆಂಬ ಈ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾದಳವನ್ನು ಸೇರಿತು. ಆ ವರ್ಷದ ಡಿಸೆಂಬರಿನಲ್ಲಿ ಪೋರಬಂದರಿನಿಂದ ಹಾಯಿ ಬಿಚ್ಚಿ, 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು.

ಪರದೇಶಗಳಲ್ಲಿಯೂ ಇದೇ ಅರಿವು ಮೂಡಿದೆ. 2012ರಲ್ಲಿ ಸಿಡ್ನಿಯ ರಾಷ್ಟ್ರೀಯ ನೌಕಾ ಸಂಗ್ರಹಾಲಯವು ಆಸ್ಟ್ರೇಲಿಯದ ಮೂಲನಿವಾಸಿಗಳ ದೋಣಿಗಳ ಕುರಿತಾಗಿಯೇ ಒಂದು ಸಮ್ಮೇಲನವನ್ನು ನಡೆಸಿ, ಆ ಜನರನ್ನೇ ಬರಮಾಡಿಕೊಂಡಿತು. ಅಲ್ಲಿ ವಸ್ತುವಿನೊಡನೆ ವಿದ್ಯೆಗೂ ಅದರ ಒಡೆಯರಿಗೂ ಮರ್ಯಾದೆ ದೊರೆಯಿತು.

ಒಂದು ದಿನ ತರಗತಿಯಲ್ಲಿ ದೋಣಿಯ ಭಾಗಗಳ ಹೆಸರನ್ನು ಕೇಳಿದೆನು. ಹುಟ್ಟು, ಚುಕ್ಕಾಣಿಗಳ ಆಚೆಗೆ ಯಾರೂ ಹೋಗಲಿಲ್ಲ. ಆಗ ಎಂದೂ ಬಾಯಿ ತೆರೆಯದ ಬೆಸ್ತರ ಹುಡುಗಿಯೊಬ್ಬಳು ಎದ್ದು ನಿಂತು, ನಾನು ಕೇಳಿಯೇ ಇರದ ಹಲವು ಪದಗಳನ್ನು ಒಂದೊಂದಾಗಿ ಹೇಳಿದಳು. ಅವು ಪಠ್ಯಪುಸ್ತಕದಲ್ಲಿರಲಿಲ್ಲ. ಅಂದು ನಾನು ಶಿಷ್ಯಳು, ಅವಳು ಗುರು.

ಆದುದರಿಂದ ತಮ್ಮಲ್ಲಿ ಒಂದು ಬಿನ್ನಹ. ತಮ್ಮ ಊರಿನಲ್ಲಿ ದೋಣಿ ಕಟ್ಟಬಲ್ಲ ವೃದ್ಧರಿದ್ದರೆ ಅವರ ಬಳಿ ಕುಳಿತು, ಮರದ ಆಯ್ಕೆ, ಅಳತೆ, ಉಪಕರಣ, ಪದಗಳೆಲ್ಲವನ್ನೂ ಬರೆದಿಡಿರಿ. ಅವರು ಒಪ್ಪಿದರೆ ಶಾಲೆಗೆ ಕರೆತನ್ನಿರಿ. ಮಕ್ಕಳ ಮುಂದೆ ಅವರೇ ಮಾತನಾಡಲಿ. ಮುಂದೆ ನಮ್ಮ ಸೀಮೆಯಲ್ಲಿ ದೋಣಿಗಳ ಸಂಗ್ರಹಾಲಯವೊಂದು ಏಳುವುದಾದರೆ, ಅದರ ಬಾಗಿಲಲ್ಲಿ ಆ ಜನರು ಪ್ರೇಕ್ಷಕರಾಗಿ ನಿಲ್ಲದೆ, ಒಳಗೆ ಉಪಾಧ್ಯಾಯರಾಗಿ ಕುಳಿತಿರಬೇಕು.