ಚಿಂತೆಯೂ ಶಾಂತಿಯೂ

ಚಿಂತೆಗೂ ಚಿತೆಗೂ ಬರವಣಿಗೆಯಲ್ಲಿ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುವುದುಂಟು. ಚಿತೆಯು ಸತ್ತವನನ್ನು ಒಮ್ಮೆ ಸುಟ್ಟು ಆರಿಹೋಗುವುದು. ಚಿಂತೆಯಾದರೋ ಬದುಕಿರುವವನನ್ನು ದಿನದಿನವೂ ಸುಡುವುದು. ಸಂಸಾರಿಯಾದವನು ಇದರಿಂದ ಪಾರಾಗುವುದೆಂತು? ಎಲ್ಲ ಮತಗಳೂ ಈ ಪ್ರಶ್ನೆಗೆ ತಮ್ಮ ತಮ್ಮ ರೀತಿಯಲ್ಲಿ ಉತ್ತರವನ್ನು ಹೇಳಿರುವುವು. ಕ್ರೈಸ್ತಧರ್ಮವು ಹೇಳುವ ಉತ್ತರವೇನು, ಮಲೆನಾಡಿನ ಕ್ರೈಸ್ತ ಗೃಹಸ್ಥರು ಅದನ್ನು ನಿತ್ಯಜೀವನದಲ್ಲಿ ಹೇಗೆ ಆಚರಣೆಗೆ ತಂದುಕೊಂಡಿರುವರು ಎಂಬುದನ್ನು ಇಲ್ಲಿ ವಿಚಾರಿಸೋಣ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯನ್ನು ದೂರದಿಂದ ನೋಡಿದವರು, ಇಲ್ಲಿಯ ಹಸುರನ್ನು ಕಂಡು, ಇಲ್ಲಿಯವರಿಗೆ ಯಾವ ಚಿಂತೆಯೂ ಇರಲಾರದೆಂದು ಭಾವಿಸುವರು. ಒಳಹೊಕ್ಕು ನೋಡಿದರೆ ಸಂಗತಿಯೇ ಬೇರೆ. ಆಷಾಢದ ಮಳೆಯು ಎಡೆಬಿಡದೆ ಹೊಡೆದರೆ ಅಡಕೆಯ ತೋಟಕ್ಕೆ ಕೊಳೆರೋಗ ತಗಲುವುದು. ಎಳೆಗಾಯಿಗಳು ಕೊಳೆತು ಮರದ ಬುಡದಲ್ಲಿ ಉದುರಿರುವುದನ್ನು ಕಂಡಾಗ, ವರ್ಷದ ಅನ್ನವೇ ನೆಲಕ್ಕೆ ಬಿದ್ದಂತಾಗಿ ಯಜಮಾನನ ಎದೆ ಕುಸಿಯುವುದು. ಮಳೆ ನಿಂತು ಕಾಡು ಒಣಗಿತೆಂದರೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರವು ಉಣ್ಣೆಯ ಕಡಿತದಿಂದ ಬರತಕ್ಕದ್ದು. 2018ರ ಕೊನೆಯಿಂದ ಮುಂದಿನ ಬೇಸಗೆಯವರೆಗೆ ಅದು ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಿನಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಇನ್ನು ನೀರಿನ ಕಥೆ: 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರು ಎಷ್ಟೋ ಹಳ್ಳಿಗಳನ್ನು ಮುಳುಗಿಸಿ, ಸಾವಿರಾರು ಸಂಸಾರಗಳನ್ನು ಎಬ್ಬಿಸಿತು. ಉಳಿದುಕೊಂಡ ತುಮರಿಯ ಕಡೆಯವರು, 2025ರಲ್ಲಿ ಸೇತುವೆಯಾಗುವವರೆಗೂ, ರೋಗಿಯನ್ನು ಕರೆದುಕೊಂಡು ದಡದಲ್ಲಿ ಲಾಂಚಿಗಾಗಿ ಕಾಯಬೇಕಾಗಿದ್ದಿತು. ಈ ಕಷ್ಟಗಳು ಜಾತಿಮತಗಳನ್ನು ವಿಚಾರಿಸಿಕೊಂಡು ಬರತಕ್ಕವುಗಳಲ್ಲ.

ಯೇಸುಸ್ವಾಮಿಯು ಗಲಿಲಾಯದ ಬೆಟ್ಟದ ಮೇಲೆ ಉಪದೇಶ ಮಾಡಿದಾಗ, ಕೇಳುತ್ತಿದ್ದವರು ಬಹುಮಟ್ಟಿಗೆ ನಾಳೆಯ ಅನ್ನಕ್ಕೆ ಇಂದೇ ಚಿಂತಿಸುವ ಬಡವರಾಗಿದ್ದರು. ಆತನು ಅವರಿಗೆ ಆಕಾಶದ ಹಕ್ಕಿಯನ್ನೂ ಹೊಲದ ಹೂವನ್ನೂ ತೋರಿಸಿದನು. ಅವುಗಳನ್ನು ಸಲಹುವ ತಂದೆಯು ತನ್ನ ಮಕ್ಕಳನ್ನು ಮರೆಯಲಾರನೆಂದೂ, ನಾಳೆಯ ಹೊರೆಯನ್ನು ಇಂದಿನ ಹೆಗಲಿಗೆ ಏರಿಸಿಕೊಳ್ಳಬಾರದೆಂದೂ ತಿಳಿಸಿದನು. ನಮ್ಮ ಸೀಮೆಯವರಿಗೆ ಈ ಬೋಧನೆಯ ದೃಷ್ಟಾಂತಗಳು ಮನೆಯಂಗಳದಲ್ಲಿಯೇ ಸಿಗುವುವು. ಯಾರೂ ನೆಡದೆ, ಯಾರೂ ನೀರೆರೆಯದೆ, ಮುಂಗಾರಿನ ಹೊತ್ತಿಗೆ ಮರದ ಕೊಂಬೆಗಳಲ್ಲಿ ಸೀತಾಳೆದಂಡೆಯು ಹೂವಿನ ಜಡೆಯನ್ನು ಇಳಿಬಿಡುವುದು. ಕಾಡಿನ ಮಂಗಟ್ಟೆಹಕ್ಕಿಯನ್ನು ನೋಡಿರಿ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಸೇರಿ, ಕೊಕ್ಕು ಹಾಯುವಷ್ಟು ಸೀಳನ್ನು ಮಾತ್ರ ಉಳಿಸಿ, ಬಾಗಿಲನ್ನು ಮುಚ್ಚಿಕೊಳ್ಳುವುದು. ಗಂಡು ವಾರಗಟ್ಟಲೆ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುವುದು. ಒಂದು ನಂಬಿ ಕುಳಿತಿರುವುದು, ಇನ್ನೊಂದು ದಣಿಯದೆ ದುಡಿಯುವುದು. ಈ ಎರಡೂ ಕೂಡಿದರೇನೇ ಮರಿ ಬದುಕುವುದು.

ಆದಕಾರಣ ದೇವರಲ್ಲಿ ಭಾರ ಹಾಕುವುದೆಂದರೆ ಕೈಕಟ್ಟಿ ಕುಳಿತಿರುವುದೆಂದು ಯಾರೂ ತಿಳಿಯಬಾರದು. ಹಿಂದೆ ನಮ್ಮ ತೋಟಗಾರರು ಅಡಕೆಯ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು ಕೊಳೆರೋಗವನ್ನು ಪರಿಶೋಧಿಸಿ, ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದನು. ಮಳೆಗೆ ಮುಂಚೆ ಔಷಧಿ ಹೊಡೆಯದೆ, ದೇವರು ನೋಡಿಕೊಳ್ಳುವನೆಂದು ಹೇಳುವುದು ಭಕ್ತಿಯಲ್ಲ, ಸೋಮಾರಿತನ. ಕಾಡಿಗೆ ಹೋಗಿ ಬಂದವನಿಗೆ ಜ್ವರ ಬಂದರೆ ಪ್ರಾರ್ಥನೆಯೊಡನೆ ವೈದ್ಯನೂ ಬೇಕು. ಆದರೆ ಔಷಧಿ ಹೊಡೆದ ಮೇಲೆಯೂ ರಾತ್ರಿಯೆಲ್ಲ ಎಚ್ಚರವಿದ್ದು ಮಾಡಿನ ಮೇಲೆ ಬೀಳುವ ಮಳೆಯ ಹನಿಗಳನ್ನು ಎಣಿಸುವುದರಿಂದ ಒಂದು ಕಾಯಾದರೂ ಉಳಿಯುವುದೇ? ಮನುಷ್ಯನ ಪಾಲಿನ ಕೆಲಸ ಎಲ್ಲಿ ಮುಗಿಯುವುದೋ ಅಲ್ಲಿಂದ ಮುಂದಿನದನ್ನು ದೇವರಿಗೆ ಒಪ್ಪಿಸಿ ಮಲಗತಕ್ಕದ್ದು. ಈ ಎಲ್ಲೆಯನ್ನು ಅರಿಯುವುದೇ ಶಾಂತಿಯ ಮೊದಲನೆಯ ಪಾಠ.

ಪ್ರಾರ್ಥಿಸಿದರೂ ಕಾಯಿ ಉದುರಿದರೆ? ಪ್ರಾರ್ಥಿಸಿದರೂ ಮಗು ತೀರಿಕೊಂಡರೆ? ಪ್ರಾಮಾಣಿಕವಾದ ಯಾವ ಧರ್ಮವೂ ಈ ಪ್ರಶ್ನೆಯಿಂದ ಮುಖ ತಿರುಗಿಸಲಾರದು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆಯ ತೋಟದಲ್ಲಿ ಯೇಸುವೇ ಸಂಕಟಪಟ್ಟು, ಆ ಕಷ್ಟವು ತನ್ನನ್ನು ಬಿಟ್ಟುಹೋಗಲೆಂದು ತಂದೆಯನ್ನು ಬೇಡಿಕೊಂಡನೆಂದು ಸುವಾರ್ತೆಗಳು ಹೇಳುತ್ತವೆ. ಕಷ್ಟವು ಬಿಟ್ಟುಹೋಗಲಿಲ್ಲ, ಆದರೆ ಆತನು ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿ ಎದ್ದು ನಡೆದನು. ಆದುದರಿಂದ ಭಯಪಡುವುದೂ ಅಳುವುದೂ ಪಾಪವಲ್ಲ. ಫಿಲಿಪ್ಪಿಯ ಸಭೆಯವರಿಗೆ ಚಿಂತಿಸಬೇಡಿರೆಂದು ಪತ್ರ ಬರೆದಾಗ ಸಂತ ಪೌಲನು ಸೆರೆಯಲ್ಲಿದ್ದನು. ದೇವಶಾಂತಿಯು ಹೃದಯಕ್ಕೆ ಕಾವಲು ನಿಲ್ಲುವುದೆಂಬ ಭಾವವನ್ನು ಆತನು ಬರೆದದ್ದು ಕಾವಲುಗಾರರ ನಡುವೆ ಕುಳಿತು. ಕ್ರೈಸ್ತರು ಹೇಳುವ ಶಾಂತಿಯು ಬಿರುಗಾಳಿಯಿಲ್ಲದ ಕೆರೆಯಲ್ಲ. ಬಿರುಗಾಳಿಯಲ್ಲಿ ದೋಣಿಯೊಳಗೆ ಒಬ್ಬನು ಜೊತೆಗಿರುವನೆಂಬ ಧೈರ್ಯ.

ಈ ಧೈರ್ಯವು ಒಂದು ದಿನದ ಉಪದೇಶದಿಂದ ಬರತಕ್ಕದ್ದಲ್ಲ, ಅಭ್ಯಾಸದಿಂದ ಬರಬೇಕು. ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲಿ ನೆಲೆಸಿದ ಕೊಂಕಣಿ ಮಾತಿನ ಕಥೋಲಿಕರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಎಲ್ಲರೂ ದೇವರ ಪೀಠದ ಮುಂದೆ ಕೂಡಿ ಜಪಸರದ ಪ್ರಾರ್ಥನೆ ಮಾಡುವ ಸಂಪ್ರದಾಯವಿದೆ. ಇದಕ್ಕೆ 'ತೆರ್ಸ್' ಎಂದು ಹೆಸರು. ಮೂರನೆಯ ಒಂದು ಪಾಲು ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದದ್ದು. ಹಿಂದೆ ಹದಿನೈದು ಭಾಗಗಳಿದ್ದ ಪೂರ್ಣ ಜಪದಲ್ಲಿ ಐದನ್ನು ದಿನಕ್ಕೆ ಹೇಳುವುದರಿಂದ ಈ ಹೆಸರು. ಒಂದೊಂದು ಭಾಗಕ್ಕೂ ಯೇಸುವಿನ ಅಥವಾ ಮಾತೆ ಮರಿಯಳ ಜೀವನದ ಒಂದೊಂದು ಘಟನೆಯನ್ನು ಧ್ಯಾನಿಸುವರು. ಸಂತೋಷದ ಘಟನೆಗಳೂ ಉಂಟು, ದುಃಖದವೂ ಉಂಟು. ಹತ್ತು ಹತ್ತು ಸಲ ಅದೇ ಪ್ರಾರ್ಥನೆಯನ್ನು ನುಡಿಯುತ್ತಿರಲು ಉಸಿರು ನಿಧಾನವಾಗುವುದು; ಚದುರಿದ ಮನಸ್ಸು ಮಣಿಯಿಂದ ಮಣಿಗೆ ನಡೆದು ಒಂದೆಡೆ ನಿಲ್ಲುವುದು. ರೋಗಿಗಳಿಗಾಗಿ, ಪ್ರಯಾಣದಲ್ಲಿರುವವರಿಗಾಗಿ, ಸತ್ತವರಿಗಾಗಿ ಬೇಡುವಾಗ ಒಬ್ಬನ ಎದೆಯಲ್ಲಿದ್ದ ಚಿಂತೆಯು ಎಲ್ಲರ ಕಿವಿಗೂ ಬೀಳುವುದು. ಹೊರುವ ಹೆಗಲುಗಳು ಹೆಚ್ಚುವುವು. ಕೊನೆಯಲ್ಲಿ ಮಕ್ಕಳು ಕೈಜೋಡಿಸಿ ಹಿರಿಯರಿಂದ 'ಬೆಸಾಂವ್', ಅಂದರೆ ಆಶೀರ್ವಾದವನ್ನು ಬೇಡುವರು. ಹಗಲು ಗದರಿಸಿಕೊಂಡ ಮಗನೂ ಗದರಿಸಿದ ತಂದೆಯೂ ಮನಸ್ತಾಪವನ್ನು ಹಾಸಿಗೆಗೆ ಒಯ್ಯದಿರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವುದು?

ಈ ಮನೆಪ್ರಾರ್ಥನೆಯ ಬೆಲೆಯನ್ನು ಚರಿತ್ರೆಯೂ ತೋರಿಸಿಕೊಟ್ಟಿದೆ. ಕೆಳದಿಯ ಅರಸರು ಇಂದು ಹೊಸನಗರ ತಾಲ್ಲೂಕಿಗೆ ಸೇರಿರುವ ಬಿದನೂರು ನಗರದಿಂದ ಕರಾವಳಿಯನ್ನು ಆಳುತ್ತಿದ್ದ ಕಾಲದಲ್ಲಿ, 1681ರಿಂದ 1684ರವರೆಗೆ, ಗೋವೆಯ ಜೋಸೆಫ್ ವಾಜ್ ಗುರುಗಳು ಅಲ್ಲಿಯ ಕ್ರೈಸ್ತರ ನಡುವೆ ಸೇವೆ ಮಾಡಿದರು. 2015ರಲ್ಲಿ ಅವರಿಗೆ ಸಂತಪದವಿ ದೊರೆಯಿತು. ಮುಂದೆ 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಬದುಕುಳಿದವರಲ್ಲಿ ಅನೇಕರು 1799ರ ಬಳಿಕ ಮರಳಿ ಬಂದರು. ಇಗರ್ಜಿಗಳು ಕೆಡವಲ್ಪಟ್ಟಿದ್ದ ಆ ದಿನಗಳಲ್ಲಿ ನಂಬಿಕೆಯು ಉಳಿಯಬೇಕಾದರೆ ತಾಯಂದಿರ ತುಟಿಗಳಲ್ಲಿಯೂ ಹಿರಿಯರ ನೆನಪಿನಲ್ಲಿಯೂ ಉಳಿಯಬೇಕಾಗಿದ್ದಿತು. ಹಾಗೆಯೇ ಉಳಿಯಿತು.

ಶಾಂತಿಗೆ ಇನ್ನೊಂದು ಸಾಧನವು ಕೃತಜ್ಞತೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಳ ಜನ್ಮದಿನವನ್ನು 'ಮೊಂತಿ ಫೆಸ್ತ್' ಎಂದು ಆಚರಿಸುವರು. ಒಂಬತ್ತು ದಿನ ಮಕ್ಕಳು ಹೂಗಳನ್ನು ತಂದು ಮಾತೆಗೆ ಅರ್ಪಿಸುವರು. ಹಬ್ಬದ ದಿನ ಗುರುಗಳು ಹರಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರೂ ಕೂಡಿ ಸೇವಿಸುವರು. ಇದು ಪೂರ್ಣ ಸುಗ್ಗಿಗೆ ಮುಂಚಿನ ಹಬ್ಬ. ಕಣಜ ತುಂಬಿದ ಮೇಲೆ ಉಪಕಾರ ಸ್ಮರಿಸುವುದು ಸುಲಭ. ಮೊದಲ ತೆನೆಯನ್ನು ಕಂಡೇ ಸ್ಮರಿಸುವವನಿಗೆ ಕಳೆದುಕೊಂಡದ್ದರ ಜೊತೆಗೆ ಉಳಿದದ್ದೂ ಕಣ್ಣಿಗೆ ಕಾಣುವುದು.

ವಾಚಕರು ಯಾವ ಮತದವರೇ ಆಗಿರಲಿ, ಇಷ್ಟನ್ನು ಮನೆಯಲ್ಲಿ ರೂಢಿಸಬಹುದು. ರಾತ್ರಿಯ ಊಟಕ್ಕೆ ಮುಂಚೆ ಎಲ್ಲರೂ ಸ್ವಲ್ಪ ಹೊತ್ತು ದೇವರ ಮುಂದೆ ಕೂಡಿ ಕುಳಿತುಕೊಳ್ಳಿರಿ. ಚಿಂತೆಯನ್ನು ಬಚ್ಚಿಡದೆ ಬಾಯಿಬಿಟ್ಟು ಹೇಳಿರಿ. ನಾಳೆ ಮಾಡತಕ್ಕ ಒಂದು ಕೆಲಸವನ್ನು ಗೊತ್ತುಮಾಡಿಕೊಂಡು, ಮಿಕ್ಕದ್ದನ್ನು ದೇವರಿಗೆ ಬಿಡಿರಿ. ನೆರೆಮನೆಯಲ್ಲಿ ಕಷ್ಟವಿದ್ದರೆ ಹೋಗಿ ವಿಚಾರಿಸಿರಿ. ಪರರ ಹೊರೆಗೆ ಕೈ ಕೊಟ್ಟವನಿಗೆ ತನ್ನ ಹೊರೆಯು ಹಗುರಾಗುವುದು. ವಾರಗಟ್ಟಲೆ ನಿದ್ರೆಯಿಲ್ಲದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದವರಿದ್ದರೆ, ಅದನ್ನು ಭಕ್ತಿಯ ಕೊರತೆಯೆಂದು ಹಳಿಯದೆ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ವೈದ್ಯನ ಕೈಯೂ ದೇವರು ಕೊಟ್ಟ ಕೈಯೇ.

ಮಲೆನಾಡಿನಲ್ಲಿ ಮಳೆ ತಪ್ಪದು, ಮನುಷ್ಯಜನ್ಮದಲ್ಲಿ ಚಿಂತೆ ತಪ್ಪದು. ಮಳೆಗಾಲಕ್ಕೆ ಮುಂಚೆ ಮಾಡನ್ನು ಸರಿಮಾಡಿಕೊಳ್ಳುವ ಗೃಹಸ್ಥನು, ಕಷ್ಟಕಾಲಕ್ಕೆ ಮುಂಚೆ ಮನಸ್ಸಿನ ಮಾಡನ್ನೂ ಪ್ರಾರ್ಥನೆಯಿಂದ ಭದ್ರಮಾಡಿಕೊಳ್ಳಲಿ.